ಕಿಟಕಿಯಲ್ಲಿ ಕೊಟ್ಟ ತಮ್ಮ

ಬಸ್ಸು ಸ್ಟ್ಯಾಂಡಿನ ಗೇಟು ದಾಟಿ, ಎಡಕ್ಕೆ ತಿರುಗಿ, ಕಾಣದಂತಾಯಿತು. ಅದರೊಳಗೆ ಕವನಳ ತಮ್ಮನಿದ್ದ. ಕವನ ಹೊರಗಿದ್ದಳು.

"ಪಾಪೂ" ಎಂದು ಅವಳು ಕೂಗಿದಳು. ಕೂಗಿದೆ ಅಂದುಕೊಂಡಳು ಅಷ್ಟೆ, ಬಾಯಿಂದ ದನಿಯೇ ಹೊರಡಲಿಲ್ಲ. ಬ್ಯಾಗನ್ನು ಎದೆಗೆ ಅವಚಿಕೊಂಡು ಗೇಟಿನವರೆಗೆ ಓಡಿದಳು. ರಸ್ತೆಯಲ್ಲಿ ಆಟೋಗಳಿದ್ದವು, ಬಾಳೆಗೊನೆ ತುಂಬಿದ ಒಂದು ಟೆಂಪೋ ಇತ್ತು. ಟಿ. ನರಸೀಪುರದ ಬಸ್ಸು ಮಾತ್ರ ಇರಲಿಲ್ಲ.

ಇಷ್ಟೆಲ್ಲ ಆದದ್ದು ಎರಡೇ ನಿಮಿಷದಲ್ಲಿ.

ಅಂದು ಭಾನುವಾರ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕವನ, ಅವಳ ಅಜ್ಜಿ ಮಹದೇವಮ್ಮ ಮತ್ತು ಎರಡೂವರೆ ವರ್ಷದ ತಮ್ಮ ಅಮೃತೇಶ್, ಮೂವರೂ ನರಸೀಪುರದ ಅತ್ತೆ ಮನೆಗೆ ಹೊರಟಿದ್ದರು. ಅಮೃತೇಶ್ ಎಂಬುದು ಅಂಗನವಾಡಿಯ ಪುಸ್ತಕದಲ್ಲಿ ಮಾತ್ರ. ಮನೆಯಲ್ಲಿ ಅವನು ಪಾಪು.

ಅಪ್ಪ ಲಾರಿ ತೆಗೆದುಕೊಂಡು ಕೇರಳಕ್ಕೆ ಹೋಗಿದ್ದ. ಅಮ್ಮನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಇತ್ತು. ಅಜ್ಜಿಗೆ ಮಂಡಿನೋವು, ಪಾಪೂನ ನೀನೇ ನೋಡಿಕೊಳ್ಳಬೇಕು ಎಂದು ಅಮ್ಮ ಬೆಳಿಗ್ಗೆ ಹೇಳಿಹೋಗಿದ್ದಳು. ಐದನೇ ಕ್ಲಾಸಿನ ಕವನಳಿಗೆ ಅಷ್ಟಕ್ಕೇ ಕೊಂಬು ಬಂದಿತ್ತು. ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಅಜ್ಜಿಗೂ ಸೇರಿಸಿ ಆರ್ಡರ್ ಮಾಡುತ್ತ ಬಂದಿದ್ದಳು.

ಅಜ್ಜಿ ಟಾಯ್ಲೆಟ್ಟಿಗೆ ಹೋಗಿದ್ದಾಗಲೇ ಬಸ್ಸು ಬಂತು.

ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಸೀಟು ಹಿಡಿಯುವುದೆಂದರೆ ಕಬಡ್ಡಿ ಮ್ಯಾಚೇ ಸರಿ. ಬಾಗಿಲಲ್ಲಿ ನೂಕಾಟ ನಡೆಯುತ್ತಿರುವಾಗ ಬುದ್ಧಿವಂತರು ಕಿಟಕಿಯಿಂದ ಟವೆಲ್ ಎಸೆಯುತ್ತಾರೆ, ಬ್ಯಾಗು ತೂರಿಸುತ್ತಾರೆ. ಮಗುವಿದ್ದವರು ಮಗುವನ್ನೇ ಕೊಡುತ್ತಾರೆ. ಒಳಗೆ ಕೂತವರು ಯಾರೋ ಏನೋ, ಕೈ ಚಾಚಿ ತೆಗೆದುಕೊಂಡು ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾರೆ. ಆಮೇಲೆ ತಾಯಿ ಒಳಗೆ ಬಂದಾಗ, ಮಗುವಿನ ಹೆಸರಿನಲ್ಲಿ ಅವಳಿಗೂ ಸೀಟಿನ ತುದಿಯಲ್ಲಿ ಚೂರು ಜಾಗ ಸಿಗುತ್ತದೆ. ಚಿಕ್ಕವಳಿದ್ದಾಗ ಕವನ ಕೂಡ ಎಷ್ಟೋ ಸಲ ಕಿಟಕಿಯಿಂದಲೇ ಬಸ್ಸು ಹತ್ತಿದ್ದಳು.

ಹಾಗಾಗಿ ಅವಳು ಯೋಚನೆಯನ್ನೇ ಮಾಡಲಿಲ್ಲ. ಪಾಪುವಿನ ಕಂಕುಳಿಗೆ ಕೈಹಾಕಿ ಎತ್ತಿ ಹಿಡಿದಳು.

"ಆಂಟಿ, ಪಾಪೂನ ಒಸಿ ಇಟ್ಕೊಳಿ. ಅಜ್ಜೀನ ಕರ್ಕೊಂಡ್ ಬತ್ತೀನಿ."

ಒಳಗಿನಿಂದ ಎರಡು ಕೈ ಬಂದವು. ಕೈತುಂಬ ಹಸಿರು ಗಾಜಿನ ಬಳೆ. ಪಾಪು ಒಳಗೆ ಹೋದ. ಮುಖ ನೋಡಲು ಕವನಳಿಗೆ ಪುರುಸೊತ್ತಿರಲಿಲ್ಲ. ಅಜ್ಜಿಯನ್ನು ಕರೆಯಲು ಓಡಿದಳು. ಅಜ್ಜಿ ಇನ್ನೂ ನಲ್ಲಿಯ ಹತ್ತಿರ ಕಾಲು ತೊಳೆಯುತ್ತಿದ್ದಳು. ಬೇಗ ಬಾ ಎಂದು ಕೂಗಿ, ತಿರುಗಿ ನೋಡಿದರೆ ಬಸ್ಸು ಹೊರಟಿತ್ತು.

ಈಗ ಕವನ ಗೇಟಿನ ಹತ್ತಿರ ನಿಂತು ಅಳುತ್ತಿದ್ದಳು. ಜನ ಸೇರಿದರು. ಏನಾಯ್ತವ್ವ, ಯಾಕಳ್ತೀಯ ಎಂದು ಹತ್ತು ಬಾಯಿ ಒಟ್ಟಿಗೆ ಕೇಳಿದವು. ಪಾಪೂನ ನೀನೇ ನೋಡಿಕೊಳ್ಳಬೇಕು ಎಂದ ಅಮ್ಮನ ಮುಖ ಕವನಳ ಕಣ್ಣ ಮುಂದೆ ಬಂತು.

"ನನ್ ತಮ್ಮನ್ನ ಒಬ್ರು ಹೆಂಗಸು ಎತ್ಕೊಂಡ್ ಹೋದ್ರು" ಎಂದಳು.

ಆ ಕ್ಷಣಕ್ಕೆ ಅದು ಅವಳಿಗೆ ಸುಳ್ಳು ಅನ್ನಿಸಲೇ ಇಲ್ಲ. ಹೆಂಗಸು ಇದ್ದದ್ದು ನಿಜ, ಪಾಪು ಹೋದದ್ದೂ ನಿಜ. ನಾನೇ ಕೊಟ್ಟೆ ಎಂಬ ಒಂದು ಮಾತನ್ನಷ್ಟೇ ಅವಳು ನುಂಗಿಕೊಂಡಿದ್ದಳು.

ಇಲಿ ಹೋಯ್ತು ಅಂದರೆ ಹುಲಿ ಹೋಯ್ತು ಅನ್ನುವವರಿಗೆ ಬಸ್ ಸ್ಟ್ಯಾಂಡಿನಲ್ಲಿ ಬರವೇ? ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೋ ಹೋದ ವಾರವಷ್ಟೇ ಎಲ್ಲರ ಫೋನಿಗೂ ಬಂದಿತ್ತು. ಅದು ಎಲ್ಲಿಯದೋ, ಯಾವ ವರ್ಷದ್ದೋ ಯಾರೂ ಕೇಳಿರಲಿಲ್ಲ. ಕೆಂಪು ಟೀಶರ್ಟಿನ ಒಬ್ಬ ಅಣ್ಣ, ಹೆಂಗಸು ಹೇಗಿದ್ದಳು ಎಂದು ಕೇಳಿದ. ಹಸಿರು ಬಳೆ ಎಂದಳು ಕವನ. ಅವಳಿಗೆ ಗೊತ್ತಿದ್ದದ್ದು ಅಷ್ಟೆ. ಅಣ್ಣ ಫೋನನ್ನು ಬಾಯಿಯ ಹತ್ತಿರ ಹಿಡಿದು, ಹಸಿರು ಬಳೆಯ ಮಕ್ಕಳ ಕಳ್ಳಿ ನರಸೀಪುರದ ಬಸ್ಸಿನಲ್ಲಿ ಹೋಗುತ್ತಿದ್ದಾಳೆ, ಆ ರೂಟಿನವರು ಹುಷಾರಾಗಿರಿ ಎಂದು ಹೇಳಿ ಗ್ರೂಪಿಗೆ ಕಳಿಸಿಬಿಟ್ಟ.

ಅಜ್ಜಿ ಕುಂಟುತ್ತ ಬಂದವಳು ವಿಷಯ ಕೇಳಿ ಸಿಮೆಂಟ್ ಬೆಂಚಿನ ಮೇಲೆ ಕುಸಿದು ಕೂತಳು.

ಸ್ಟ್ಯಾಂಡಿನಲ್ಲಿ ಮೈಕ್ ಹಿಡಿದು ಬಸ್ಸುಗಳ ಹೆಸರು ಕೂಗುವ ಕಂಟ್ರೋಲರ್ ಗಂಗಾಧರಸ್ವಾಮಿಯವರು ಹೊರಗೆ ಬಂದರು. ಅವರು ನಿಧಾನದ ಮನುಷ್ಯ. ಎಲ್ಲರನ್ನೂ ಸುಮ್ಮನಿರಿಸಿ ಆ ಬಸ್ಸಿನ ಕಂಡಕ್ಟರಿಗೆ ಫೋನ್ ಮಾಡಿದರು. ಕವನ ಅವರ ಮುಖವನ್ನೇ ನೋಡುತ್ತಿದ್ದಳು. ಈಗ ನಗುತ್ತಾರೆ, ಸಿಕ್ಕಿದ ಕಣವ್ವ ಅನ್ನುತ್ತಾರೆ ಎಂದು ಕಾದಳು.

ಅವರು ನಗಲಿಲ್ಲ. ಫೋನು ಕೆಳಗಿಳಿಸಿ ಅಜ್ಜಿಯ ಕಡೆ ನೋಡಿದರು.

"ಮಗು ಎತ್ಕೊಂಡಿದ್ದ ಹೆಂಗಸು ಒಬ್ರು ಹುಂಡಿ ಗೇಟಲ್ಲೇ ಇಳಿದೋದ್ರಂತೆ."

ಹುಂಡಿ ಗೇಟು ಊರು ದಾಟಿದ ಮೇಲೆ ಸಿಗುವ ಮೊದಲ ಸ್ಟಾಪು. ಅಲ್ಲೊಂದು ಟೀ ಅಂಗಡಿ, ಒಂದು ಹುಣಸೆಮರ, ಸುತ್ತ ಗದ್ದೆ. ಅವರು ನರಸೀಪುರದವರೆಗೆ ಹೋಗಲಿಲ್ಲ ಯಾಕೆ? ಪಾಪೂನ ಎತ್ತಿಕೊಂಡು ಅಲ್ಲಿ ಇಳಿದದ್ದು ಯಾಕೆ? ಹಾಗಾದರೆ ತಾನು ಹೇಳಿದ್ದೇ ನಿಜವಾಗಿಬಿಟ್ಟಿತೆ? ಕವನ ಅಜ್ಜಿಯ ಸೆರಗು ಹಿಡಿದುಕೊಂಡಳು.

ಗಂಗಾಧರಸ್ವಾಮಿಯವರು ಪೊಲೀಸರಿಗೆ ತಿಳಿಸಲು ಒಳಗೆ ಹೋದರು. ಅಜ್ಜಿ ಅಮ್ಮನಿಗೆ ಫೋನ್ ಮಾಡಿದಳು. ಅದು ಬಡಿದುಕೊಂಡೇ ಬಡಿದುಕೊಂಡಿತು. ಶಿಫ್ಟ್ ಮುಗಿಯುವವರೆಗೆ ಫ್ಯಾಕ್ಟರಿಯಲ್ಲಿ ಎಲ್ಲರ ಫೋನೂ ಲಾಕರಿನಲ್ಲಿರುತ್ತದೆ. ಗುಂಪಿನಲ್ಲಿದ್ದ ಒಬ್ಬರು ಬೈಕಿನ ಕೀ ತಿರುಗಿಸುತ್ತ, ಹತ್ತವ್ವ, ಹುಂಡಿ ಗೇಟಿಗೆ ಹೋಗಿ ಹುಡುಕೋಣ ಎಂದು ಅವಸರಪಡಿಸಿದರು.

ಅಜ್ಜಿ ಏಳಲಿಲ್ಲ. ಕವನಳನ್ನು ಹತ್ತಿರಕ್ಕೆ ಎಳೆದುಕೊಂಡು, ಅವಳಿಗಷ್ಟೇ ಕೇಳುವಂತೆ ಕೇಳಿದಳು.

"ದಿಟ ಯೋಳು ಕೂಸ. ಅವ್ರಾಗೇ ಎತ್ಕಂಡ್ರಾ, ನೀನೇ ಕೊಟ್ಯಾ?"

ಕವನ ನೆಲ ನೋಡಿದಳು. "ನಾನೇ ಕೊಟ್ಟೆ. ಕಿಟಕೀಲಿ. ಸೀಟಿಗೆ ಅಂತ."

ಕೆನ್ನೆಗೆ ಏಟು ಬೀಳುತ್ತದೆ ಎಂದು ಕಣ್ಣು ಮುಚ್ಚಿಕೊಂಡಳು. ಬೀಳಲಿಲ್ಲ. ಅಜ್ಜಿ ಉದ್ದಕ್ಕೆ ಒಂದು ಉಸಿರು ಬಿಟ್ಟದ್ದು ಕೇಳಿಸಿತು.

"ಅಂಗಾದ್ರೆ ಕೂತ್ಕೊ. ಇಲ್ಲಿಗೇ ಬತ್ತಳೆ."

"ಬರ್ದೆ ಹೋದ್ರೆ?"

"ನಿನ್ ಮಡ್ಲಿಗೆ ಯಾರೋ ಕೂಸ ಆಕ್ಬುಟ್ಟು ಇಂದೆ ಉಳ್ಕಂಡ್ರೆ ನೀನೇನ್ ಮಾಡೀಯೆ?"

ಕವನ ಅಳುವಿನ ಮಧ್ಯೆಯೂ ಯೋಚಿಸಿದಳು. ಮುಂದಿನ ಸ್ಟಾಪಿನಲ್ಲಿ ಇಳಿಯುತ್ತಿದ್ದೆ. ರಸ್ತೆ ದಾಟಿ ವಾಪಸ್ ಬಸ್ಸಿಗೆ ಕಾಯುತ್ತಿದ್ದೆ. ಕೊಟ್ಟವರನ್ನು ಹುಡುಕುತ್ತಿದ್ದೆ. ಎಲ್ಲಿ? ಕೊಟ್ಟ ಜಾಗದಲ್ಲಿ.

ಬೈಕಿನವರಿಗೆ ಅಜ್ಜಿ ಬೇಡವೆಂದಳು. ನಾವು ಆ ಕಡೆ ಹೋದರೆ, ಅವಳು ಈ ಕಡೆ ಬಂದು ಮಗುವನ್ನು ಯಾರ ಕೈಗೆ ಕೊಡಬೇಕು ಎಂದಳು. ಜನ ಗೊಣಗಿದರು. ಕಾಲ ಕೆಟ್ಟಿದೆ, ಈ ಮುದುಕಿಗೆ ಬುದ್ಧಿ ಇಲ್ಲ ಎಂದರು. ಮೊಮ್ಮಗ ಹೋದರೂ ಕಲ್ಲಿನಂತೆ ಕೂತಿದ್ದಾಳೆ ಎಂದು ಒಬ್ಬಾಕೆ ಅಜ್ಜಿಗೆ ಕೇಳಿಸುವಂತೆಯೇ ಹೇಳಿದಳು. ಕಲ್ಲಿನಂತೆ ಏನೂ ಕೂತಿರಲಿಲ್ಲ ಅಜ್ಜಿ. ಬೆಂಚಿನ ಅಂಚು ಹಿಡಿದಿದ್ದ ಅವಳ ಬೆರಳುಗಳು ಒಂದೇ ಸಮನೆ ನಡುಗುತ್ತಿದ್ದುದನ್ನು ಕವನ ನೋಡಿದಳು. ಅಜ್ಜಿಗೂ ತನ್ನಷ್ಟೇ ಭಯವಿದೆ ಎಂದು ಅವಳಿಗೆ ಆಗ ಗೊತ್ತಾಯಿತು. ಭಯವಿದ್ದೂ ಅಜ್ಜಿ ಜಾಗ ಬಿಟ್ಟು ಕದಲಲಿಲ್ಲ.

ಹದಿನೈದು ನಿಮಿಷ ಕಳೆದಿರಬೇಕು. ಕೆಂಪು ಟೀಶರ್ಟಿನ ಅಣ್ಣ ಓಡಿಬಂದ.

"ಸಿಕ್ಕಿಬಿದ್ಲು ಕಣ್ರೀ. ಹುಂಡಿ ಗೇಟಲ್ಲಿ ನಮ್ ಹುಡುಗ್ರು ಹಿಡ್ಕೊಂಡವ್ರೆ. ವಿಡಿಯೋ ಬಂದದೆ ನೋಡಿ."

ಎಲ್ಲರೂ ಫೋನಿನ ಮೇಲೆ ಮುಗಿಬಿದ್ದರು. ಕವನ ಅವರ ಕೈಗಳ ಕೆಳಗೆ ನುಸುಳಿ ನೋಡಿದಳು.

ಟೀ ಅಂಗಡಿಯ ಮುಂದೆ ಗುಂಪು. ನಡುವೆ ಒಬ್ಬ ಹೆಂಗಸು. ಅವರ ಒಂದು ಕೈಯನ್ನು ಯಾರೋ ಬಿಗಿಯಾಗಿ ಹಿಡಿದಿದ್ದರು. ಇನ್ನೊಂದು ಕೈಯಲ್ಲಿ ಪಾಪು. ಮಗುವಿನ ಹೆಸರು ಹೇಳು ನೋಡೋಣ ಎಂದು ಒಬ್ಬ ಗದರಿಸುತ್ತಿದ್ದ. ನನಗೆ ಗೊತ್ತಿಲ್ಲ ಕಣ್ರಪ್ಪ, ಯಾರೋ ಕೊಟ್ಟರು ಎಂದು ಹೆಂಗಸು ಹೇಳುತ್ತಿದ್ದರು. ಯಾರಾದರೂ ಮಗೂನ ಹಾಗೆ ಕೊಡ್ತಾರಾ ಎಂದು ಇನ್ನೊಬ್ಬ ಪಾಪುವನ್ನು ಎಳೆದ. ಪಾಪು ಕಿರುಚಿಕೊಂಡು ಆ ಹೆಂಗಸಿನ ಕುತ್ತಿಗೆಯನ್ನು ಎರಡೂ ಕೈಯಿಂದ ಅಪ್ಪಿಹಿಡಿದ. ಹಿಂದಿನಿಂದ ಒಂದು ಕೈ ಹೊಡೆಯಲು ಮೇಲೆದ್ದಿತು. ವಿಡಿಯೋ ಅಲ್ಲಿಗೆ ನಿಂತಿತು.

ಬಸ್ಸು ಹೋದಾಗ ಕವನಳಿಗೆ ಆದ ಭಯವೇ ಬೇರೆ, ಇದೇ ಬೇರೆ. ಆ ಕೈಯನ್ನು ಮೇಲೆತ್ತಿಸಿದ್ದು ತಾನು. ತಾನು ಹೇಳಿದ ಒಂದು ಸಾಲು ತಾನಿಲ್ಲದ ಕಡೆಗೆ ಹೋಗಿ, ಮುಖವನ್ನೂ ಸರಿಯಾಗಿ ನೋಡಿರದ ಒಬ್ಬ ಹೆಂಗಸಿಗೆ ಹೊಡೆಯುತ್ತಿತ್ತು.

"ಅವ್ರು ಕಳ್ಳಿ ಅಲ್ಲ" ಎಂದಳು. ಗಲಾಟೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಅವಳು ಅಣ್ಣನ ಟೀಶರ್ಟನ್ನು ಹಿಡಿದು ಜಗ್ಗಿದಳು. "ಅಣ್ಣ, ಅವ್ರಿಗೆ ಫೋನ್ ಮಾಡಿ. ಈಗ್ಲೇ ಮಾಡಿ. ಪಾಪೂನ ಕೊಟ್ಟಿದ್ದು ನಾನು."

ಅಣ್ಣನ ಮುಖ ಬಿಳಿಚಿಕೊಂಡಿತು. ಗಂಗಾಧರಸ್ವಾಮಿಯವರು ಅಷ್ಟು ಹೊತ್ತಿಗೆ ಹೊರಗೆ ಬಂದಿದ್ದರು. ಕಾನ್‌ಸ್ಟೇಬಲ್ ಒಬ್ಬರು ಬೈಕಿನಲ್ಲಿ ಹೊರಟಿದ್ದಾರೆ, ಆದರೆ ಅವರು ತಲುಪುವಷ್ಟರಲ್ಲಿ ಏನಾದರೂ ಆಗಿಬಿಡಬಹುದು, ಮೊದಲು ಫೋನ್ ಮಾಡು ಎಂದರು. ಅಣ್ಣ ವಿಡಿಯೋ ಕಳಿಸಿದವನಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ ಕವನಳ ಮುಂದೆ ಹಿಡಿದ.

ಇಡೀ ಸ್ಟ್ಯಾಂಡೇ ತನ್ನನ್ನು ನೋಡುತ್ತಿದೆ ಅನ್ನಿಸಿತು ಅವಳಿಗೆ. ಬೆನ್ನ ಮೇಲೆ ಅಜ್ಜಿಯ ಕೈ ಬಂದು ಕೂತಿತು.

"ನಾನು ಕವನ. ಆ ಮಗು ನನ್ ತಮ್ಮ. ಆ ಆಂಟಿ ಕದ್ದಿಲ್ಲ, ಸೀಟಿಗೆ ಅಂತ ನಾನೇ ಕಿಟಕೀಲಿ ಕೊಟ್ಟಿದ್ದು. ಎತ್ಕೊಂಡ್ ಹೋದ್ರು ಅಂತ ನಾನು ಸುಳ್ ಹೇಳ್ಬಿಟ್ಟೆ. ಅವ್ರನ್ನ ಹೊಡೀಬೇಡಿ. ನಾವು ಇಲ್ಲೇ ಕಾಯ್ತಾ ಇದ್ದೀವಿ."

ಆ ಕಡೆ ಗದ್ದಲ ತಗ್ಗಿತು. ಯಾರೋ ಯಾರಿಗೋ ಬಿಡ್ರೋ, ಬಿಡ್ರೋ ಎಂದರು. ಆಮೇಲೆ ಪಾಪುವಿನ ಅಳು ಹತ್ತಿರವಾಯಿತು. ಫೋನನ್ನು ಅವನ ಕಿವಿಗೆ ಹಿಡಿದಿರಬೇಕು. ಅಕ್ಕ ಕಣೋ ಪಾಪು ಎಂದಳು ಕವನ.

ನರಸೀಪುರದ ಕಡೆಯಿಂದ ಬಂದ ಬಸ್ಸಿನಿಂದ ಆ ಹೆಂಗಸು ಇಳಿದಾಗ ಸ್ಟ್ಯಾಂಡಿನಲ್ಲಿದ್ದವರು ಸರಿದು ದಾರಿ ಬಿಟ್ಟರು. ಅವರ ಜಡೆ ಬಿಚ್ಚಿಹೋಗಿತ್ತು. ಒಂದು ಕೈಯಲ್ಲಿ ಬಳೆಯೇ ಇರಲಿಲ್ಲ, ಬಳೆ ಒಡೆದ ಕಡೆ ಚರ್ಮ ಗೀರಿ ರಕ್ತ ಒಣಗಿತ್ತು. ಪಾಪು ಅವರ ಹೆಗಲ ಮೇಲೆ ನಿದ್ದೆ ಹೋಗಿದ್ದ. ಅವನ ಮುಷ್ಟಿಯಲ್ಲೊಂದು ಬಿಸ್ಕತ್ತು. ಹುಂಡಿ ಗೇಟಿನಲ್ಲಿ ಎಳೆದಾಡಿದವರೇ ಆಮೇಲೆ ಕೊಡಿಸಿದ್ದಂತೆ.

ಅಜ್ಜಿ ಎರಡೂ ಕೈ ಚಾಚಿದಳು. ಹೆಂಗಸು ಮಗುವನ್ನು ಕೊಡಲಿಲ್ಲ. "ಕಿಟಕೀಲಿ ಕೊಟ್ಟೋಳು ಎಲ್ಲವ್ವ?" ಎಂದು ಕೇಳಿದರು.

ಅಜ್ಜಿ ಕವನಳನ್ನು ತೋರಿಸಿದಳು.

ಹೆಂಗಸು ಬಗ್ಗಿ, ನಿದ್ದೆಗೆ ತೊಂದರೆಯಾಗದಂತೆ ಪಾಪುವನ್ನು ಕವನಳ ಕೈಗೆ ದಾಟಿಸಿದರು. "ನಿನ್ ಕೈಯಿಂದ ಇಸ್ಕಂಡಿದ್ದೆ. ತಕೊ." ಅಷ್ಟು ಹೇಳಿ ಬೆಂಚಿನ ಮೇಲೆ ಕೂತರು. ಕೂತ ಮೇಲೆ ಅವರಿಗೆ ಅಳು ಬಂತು.

ಅವರ ಹೆಸರು ಚನ್ನಾಜಮ್ಮ. ಬದನವಾಳಿನವರು. ಖಾದಿ ಕೇಂದ್ರದಲ್ಲಿ ನೂಲು ತೆಗೆಯುವ ಕೆಲಸ. ಮಗಳನ್ನು ನೋಡಲು ನರಸೀಪುರಕ್ಕೆ ಹೊರಟಿದ್ದರು. ಬಸ್ಸು ಹೊರಟ ಕೂಡಲೇ ನಿಲ್ಲಿಸಿ, ನಿಲ್ಲಿಸಿ ಎಂದು ಕೂಗಿದ್ದರು. ಗಿಜಿಗುಡುವ ಬಸ್ಸಿನಲ್ಲಿ ಕೇಳಿಸಿಕೊಳ್ಳುವವರು ಯಾರು? ಹುಂಡಿ ಗೇಟಿನಲ್ಲಿ ಹೇಗೋ ಇಳಿದು, ರಸ್ತೆ ದಾಟಿ ವಾಪಸ್ ಬಸ್ಸಿಗೆ ಕಾಯುತ್ತಿದ್ದಾಗ ಜನ ಮುತ್ತಿಕೊಂಡರು. ಅವರ ಆಧಾರ್ ಕಾರ್ಡ್ ಕಿತ್ತುಕೊಂಡು ಫೋಟೋ ತೆಗೆದರು.

"ಮಗೀನ ಎಲ್ಲಿಗ್ ಸಾಗುಸ್ತಿದ್ದೀಯ ಅಂದ್ರು. ಸ್ಟ್ಯಾಂಡಿಗೆ ಕಣ್ರಪ್ಪ, ಕೊಟ್ಟೋರು ಅಲ್ಲೇ ಕಾಯ್ತಿರ್ತಾರೆ ಅಂದೆ. ಎಲ್ರೂ ನಕ್ಬುಟ್ರು."

"ಇದ್ದೊ ಕನವ್ವ" ಎಂದಳು ಅಜ್ಜಿ. ಮತ್ತೊಮ್ಮೆ, "ಇಲ್ಲೇ ಇದ್ದೊ" ಎಂದಳು. ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವರ ಕೈಗಿತ್ತಳು.

ಕವನ ಪಾಪುವನ್ನು ಅಪ್ಪಿಕೊಂಡೇ ಚನ್ನಾಜಮ್ಮನ ಮುಂದೆ ಹೋಗಿ ನಿಂತಳು. "ಆಂಟಿ, ನೀವು ಎತ್ಕೊಂಡ್ ಹೋದ್ರಿ ಅಂತ ಹೇಳಿದ್ದು ನಾನೇ."

"ಕೇಳುಸ್ಕಂಡೆ ಫೋನಲ್ಲಿ" ಎಂದರು ಚನ್ನಾಜಮ್ಮ. ಪರವಾಗಿಲ್ಲ ಅಂತ ಅವರು ಹೇಳಲಿಲ್ಲ. ಪರವಾಗಿಲ್ಲ ಅನ್ನುವಂಥದ್ದೂ ಅದಾಗಿರಲಿಲ್ಲ.

ನರಸೀಪುರದ ಮುಂದಿನ ಬಸ್ಸು ಬಂತು. ಗಂಗಾಧರಸ್ವಾಮಿಯವರೇ ಹತ್ತಿ ಮೂವರಿಗೂ ಸೀಟು ಬಿಡಿಸಿದರು. ಕೆಂಪು ಟೀಶರ್ಟಿನ ಅಣ್ಣ ತಲೆ ತಗ್ಗಿಸಿಕೊಂಡು ಬ್ಯಾಗುಗಳನ್ನು ಹತ್ತಿಸಿದ. ಆ ಮೆಸೇಜನ್ನು ಡಿಲೀಟ್ ಮಾಡಿದ್ದೇನೆ ಎಂದು ಅವನು ಎರಡು ಸಲ ಹೇಳಿದ. ಅಷ್ಟರಲ್ಲಿ ಅದು ಎಷ್ಟು ಫೋನುಗಳಿಗೆ ಹೋಗಿತ್ತೋ ಅವನಿಗೂ ಗೊತ್ತಿರಲಿಲ್ಲ.

ಚನ್ನಾಜಮ್ಮ ಬೆಂಚಿನಿಂದ ಏಳಲಿಲ್ಲ. "ಇನ್ನೊಂದ್ ಸಲ ಆ ಹುಂಡಿ ಗೇಟು ದಾಟೋಕೆ ನನ್ ಕೈಲಾಗಲ್ಲ. ನೀವು ನಡೀರಿ. ನಾನು ಊರ್ಗೇ ಓಯ್ತೀನಿ."

ಬಸ್ಸಿನ ಕಡೆ ಹೊರಟಿದ್ದ ಅಜ್ಜಿ ಹಿಂದಕ್ಕೆ ಬಂದಳು.

ಕವನ ಯೋಚಿಸಿದಳು. ತಾನು ಫೋನಿನಲ್ಲಿ ಹೇಳಿದ್ದನ್ನು ಕೇಳಿದವರು ನಾಲ್ಕು ಜನ. ವಿಡಿಯೋ ನೋಡಿದವರು ಇನ್ನೆಷ್ಟೋ ಜನ. ಅವರೆಲ್ಲರ ಕಣ್ಣಿಗೆ ಈ ಆಂಟಿ ಇನ್ನೂ ಕಳ್ಳಿಯೇ. ಅದನ್ನು ಅಳಿಸಲು ತನಗೆ ಬರುವುದಿಲ್ಲ. ಆದರೆ ಆ ದಾರಿಯಲ್ಲಿ ಅವರೊಬ್ಬರೇ ಹೋಗದಂತೆ ನೋಡಿಕೊಳ್ಳಬಹುದು.

"ನೀವು ಕಿಟಕಿ ಹತ್ರ ಕೂತ್ಕೊಳಿ ಆಂಟಿ. ನಾನು ಪಕ್ಕದಲ್ಲೇ ಇರ್ತೀನಿ" ಎಂದು ಪಾಪುವನ್ನು ಅವರ ಕಡೆಗೆ ಚಾಚಿದಳು.

ಚನ್ನಾಜಮ್ಮ ಮಗುವನ್ನು ನೋಡಿದರು, ಅವಳನ್ನು ನೋಡಿದರು. ಅವರ ಕೈ ಮೊದಲು ಮೇಲೇಳಲಿಲ್ಲ. ಕಂಡಕ್ಟರ್ ವಿಸಿಲ್ ಊದಿದ. ಕವನಳ ತೋಳು ನೋಯುತ್ತಿತ್ತು, ಆದರೂ ಹಾಗೆಯೇ ಹಿಡಿದು ನಿಂತಳು. ಕೊನೆಗೆ ಆ ಗಾಯದ ಕೈ ಮುಂದೆ ಬಂತು, ಇನ್ನೊಂದು ಕೈಯೂ ಬಂತು.

ಹುಂಡಿ ಗೇಟಿನಲ್ಲಿ ಬಸ್ಸು ನಿಂತಿತು. ಟೀ ಅಂಗಡಿಯ ಮುಂದೆ ಅವರೆಲ್ಲ ಇನ್ನೂ ಇದ್ದರು. ಒಬ್ಬ ಕಿಟಕಿಯ ಕಡೆ ನೋಡಿ ಪಕ್ಕದವನ ಭುಜ ತಟ್ಟಿದ. ಚನ್ನಾಜಮ್ಮ ಮುಖ ಒಳಕ್ಕೆ ತಿರುಗಿಸಿದರು.

ಕವನ ಅವರ ತೋಳಿಗೆ ತನ್ನ ತೋಳು ಸೇರಿಸಿ ಕೂತು, ಕಿಟಕಿಯಾಚೆ ಇದ್ದವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಟೀ ಲೋಟ ಹಿಡಿದಿದ್ದ ಒಬ್ಬ ಕಣ್ಣು ಕೆಳಗೆ ಹಾಕಿದ. ಇನ್ನೊಬ್ಬ ಎದ್ದು ಅಂಗಡಿಯ ಒಳಗೆ ಹೋದ.

ಸದ್ದಿಗೆ ಪಾಪುವಿಗೆ ಎಚ್ಚರವಾಯಿತು. ತಾನು ಯಾರ ಮಡಿಲಲ್ಲಿದ್ದೇನೆ ಎಂದು ಕತ್ತೆತ್ತಿ ನೋಡಿ, ಆಮೇಲೆ "ಅಕ್ಕಾ" ಎಂದ.

"ಇಲ್ಲೇ ಇದ್ದೀನಿ, ಮಲಕ್ಕೊ" ಎಂದಳು ಕವನ. ಅವನನ್ನು ತನ್ನ ಮಡಿಲಿಗೆ ತೆಗೆದುಕೊಳ್ಳಲಿಲ್ಲ.